ಎಂಬತ್ತು ಪ್ರಶ್ನೆ, ಎರಡು ಗಂಟೆ, ಹತ್ತು ವರ್ಷದ ಮಗು

ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 14 ವರ್ಷಗಳಿಂದ ಐದನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷವೂ ನವೋದಯ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಅಣಿ ಮಾಡುತ್ತೇನೆ. 80 ಪ್ರಶ್ನೆ, 100 ಅಂಕ, 2 ಗಂಟೆ. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು 40, ಅಂಕಗಣಿತದವು 20, ಭಾಷೆಯವು 20. ಕನ್ನಡದಲ್ಲೇ ಬರೆಯಬಹುದು, ಆದರೆ ಒಂದು ಮಗುವಿಗೆ ಸಿಗುವುದು ಒಂದೇ ಅವಕಾಶ. ಸೀಟುಗಳಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ ಮೀಸಲು. ಹಾಗಾಗಿ ನಮ್ಮಂಥ ಊರುಗಳಲ್ಲಿ ಈ ಪರೀಕ್ಷೆಯ ಮೇಲೆ ಆಸೆ ಹೆಚ್ಚು. ಇಷ್ಟು ವರ್ಷಗಳಲ್ಲಿ ಮಕ್ಕಳಿಂದ ನಾನು ಕಲಿತದ್ದು ಇಲ್ಲಿದೆ.

1. ಇಡೀ ತರಗತಿಯನ್ನು ಕೂರಿಸಿಕೊಳ್ಳಿ

ಮೊದಮೊದಲು ಐದಾರು ಚುರುಕಿನ ಮಕ್ಕಳನ್ನು ಆರಿಸಿ, ಶಾಲೆ ಬಿಟ್ಟ ಮೇಲೆ ಬೇರೆ ಕೋಣೆಯಲ್ಲಿ ಹೇಳಿಕೊಡುತ್ತಿದ್ದೆ. ಉಳಿದವರು ಕಿಟಕಿಯಿಂದ ಇಣುಕುತ್ತಿದ್ದರು. ಒಂದು ದಿನ ಕಪ್ಪುಹಲಗೆಯ ಮೇಲೆ ಒಂದು ಆಕೃತಿ ಸರಣಿ ಬರೆದೆ. ನಾನು ಆರಿಸಿದವರು ಇನ್ನೂ ಯೋಚಿಸುತ್ತಿದ್ದಾಗ, ಏಳರ ಮಗ್ಗಿಯೂ ಸರಿಯಾಗಿ ಬಾರದ ಹುಡುಗನೊಬ್ಬ ಕಿಟಕಿಯಾಚೆಯಿಂದ ಸರಿಯುತ್ತರ ಹೇಳಿದ. ಯಾರು ಜಾಣರು ಎಂದು ಮೊದಲೇ ತೀರ್ಮಾನಿಸಲು ನಾನು ಯಾರು ಎನಿಸಿತು. ಅಂದಿನಿಂದ ವಾರಕ್ಕೆ ಮೂರು ದಿನ, ಕೊನೆಯ ಪೀರಿಯಡ್‌ನಲ್ಲಿ, ತಯಾರಿ ಎಲ್ಲರಿಗೂ.

2. ಚಿತ್ರದ ಪ್ರಶ್ನೆಯನ್ನು ಕೈಯಿಂದ ಶುರು ಮಾಡಿ

ಮಡಚಿದ ಕಾಗದಕ್ಕೆ ತೂತು ಹಾಕಿ ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಪ್ರತಿ ವರ್ಷವೂ ಮಕ್ಕಳನ್ನು ಕಾಡುತ್ತದೆ. ಗೈಡ್ ಪುಸ್ತಕದ ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ತಲೆಗೆ ಹತ್ತುವುದಿಲ್ಲ. ಹಳೆಯ ಪೇಪರ್ ಕೊಟ್ಟು, ಎರಡು ಸಲ ಮಡಚಿ, ಪೆನ್ಸಿಲ್ ಮೊನೆಯಿಂದ ಒಂದು ತೂತು ಹಾಕಿಸುತ್ತೇನೆ. ಬಿಡಿಸುವ ಮೊದಲು ಎಷ್ಟು ತೂತು ಇರುತ್ತವೆ ಎಂದು ಹೇಳಬೇಕು.

'ಎರಡು ಸಲ ಮಡಚಿದ್ದೀವಲ್ಲ ಮಿಸ್, ಎರಡೇ' ಎಂದಳು ಒಬ್ಬಳು. ಬಿಡಿಸಿದರೆ ನಾಲ್ಕು. ಬೆರಳಿಟ್ಟು ಮತ್ತೆ ಎಣಿಸಿದಳು, ಮತ್ತೆ ಮಡಚಿ ನೋಡಿದಳು. ಮೂರನೇ ಸಲ ಮಡಚಿದಾಗ ನಾನು ಕೇಳುವ ಮೊದಲೇ 'ಎಂಟು!' ಎಂದು ಕೂಗಿದಳು. ಕನ್ನಡಿ ಪ್ರತಿಬಿಂಬಕ್ಕೂ ಇದೇ ದಾರಿ. ಸಣ್ಣದೊಂದು ಕನ್ನಡಿ ಹಿಡಿದರೆ 8 ಹಾಗೇ ಉಳಿಯುತ್ತದೆ, 3 ಮುಖ ತಿರುಗಿಸುತ್ತದೆ. ಕಣ್ಣಾರೆ ಕಂಡದ್ದನ್ನು ಮಕ್ಕಳು ಮರೆಯುವುದಿಲ್ಲ.

3. ಲೆಕ್ಕ ತಪ್ಪಿದರೆ ಓದನ್ನು ಪರೀಕ್ಷಿಸಿ

'20 ಮೀಟರ್ ಉದ್ದ, 15 ಮೀಟರ್ ಅಗಲದ ತೋಟದ ಸುತ್ತ ಮೂರು ಸಾಲು ತಂತಿ ಎಳೆಯಲು ಎಷ್ಟು ಮೀಟರ್ ತಂತಿ ಬೇಕು?' ಎಂದು ಕೇಳಿದೆ. ಅರ್ಧ ತರಗತಿ 300 ಎಂದಿತು. ಸಂಖ್ಯೆ ಕಂಡ ಕೂಡಲೇ ಗುಣಿಸಿಬಿಟ್ಟಿದ್ದರು. ಕೆಲವರು 70ಕ್ಕೆ ನಿಂತರು. ಬೇಲಿ ಹಾಕುವಾಗ ಅಪ್ಪನ ಜೊತೆ ತಂತಿ ಹಿಡಿದಿದ್ದ ಹುಡುಗ ಮಾತ್ರ 210 ಎಂದ. ಉಳಿದವರಿಗೂ ಕೂಡುವುದು, ಗುಣಿಸುವುದು ಚೆನ್ನಾಗಿಯೇ ಬರುತ್ತಿತ್ತು. 'ಸುತ್ತ', 'ಮೂರು ಸಾಲು' ಎಂಬ ಮಾತುಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ಪೆನ್ನು ಎತ್ತುವ ಮೊದಲು ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಭಾಷಾ ವಿಭಾಗದ ಗದ್ಯಭಾಗಗಳಲ್ಲೂ ಅಷ್ಟೇ, ಉತ್ತರ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ದಿನಕ್ಕೊಂದು ಗದ್ಯಭಾಗ ಸಾಕು, ಆದರೆ ಒಂದು ದಿನವೂ ತಪ್ಪಬಾರದು.

4. ಓಎಂಆರ್ ಹಾಳೆ ಮೊದಲ ತಿಂಗಳಿಂದಲೇ ಕೈಗೆ ಬರಲಿ

ಇದನ್ನು ಒಂದು ಮಗುವಿನ ನಷ್ಟದಿಂದ ಕಲಿತೆ. ಚೆನ್ನಾಗಿ ತಯಾರಾಗಿದ್ದ ಹುಡುಗಿ 17ನೇ ಪ್ರಶ್ನೆ ಕಷ್ಟವೆಂದು ಬಿಟ್ಟಳು. 18ರ ಉತ್ತರವನ್ನು 17ರ ವೃತ್ತದಲ್ಲಿ ತುಂಬಿದಳು. ಅಲ್ಲಿಂದ ಮುಂದೆ ಒಂದೊಂದೂ ಒಂದು ಸಾಲು ಮೇಲಕ್ಕೆ ಸರಿದವು. ಹೊರಗೆ ಬಂದು ಹೇಳುವಾಗ ಅವಳ ದನಿಯೇ ಹೊರಡಲಿಲ್ಲ. ತಪ್ಪು ನನ್ನದು, ವರ್ಷವಿಡೀ ನೋಟ್‌ಬುಕ್‌ನಲ್ಲೇ ಉತ್ತರ ಬರೆಸಿದ್ದೆ.

ಈಗ ಜೆರಾಕ್ಸ್ ಹಾಳೆಯಲ್ಲೇ ಅಭ್ಯಾಸ. ಎಡಗೈ ಬೆರಳು ಪ್ರಶ್ನೆಯ ಸಂಖ್ಯೆಯ ಮೇಲಿರಬೇಕು, ಮನಸ್ಸಿನಲ್ಲಿ ಸಂಖ್ಯೆ ಹೇಳಿಕೊಂಡೇ ವೃತ್ತ ತುಂಬಬೇಕು. ಪ್ರತಿ ಹತ್ತು ಪ್ರಶ್ನೆಗೊಮ್ಮೆ ನಿಂತು ತಾಳೆ ನೋಡಬೇಕು. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು, ಆದ್ದರಿಂದ ತೀರ್ಮಾನ ಮೊದಲು, ಶಾಯಿ ಆಮೇಲೆ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಕೊನೆಗೆ ಯಾವ ಸಾಲನ್ನೂ ಖಾಲಿ ಬಿಡಬಾರದು.

5. ಒಂದೂವರೆ ನಿಮಿಷ ಎಷ್ಟು ಹೊತ್ತು ಎಂದು ತಿಳಿಸಿ

120 ನಿಮಿಷಕ್ಕೆ 80 ಪ್ರಶ್ನೆ ಎಂದರೆ ಒಂದಕ್ಕೆ ಒಂದೂವರೆ ನಿಮಿಷ. ಕಣ್ಣು ಮುಚ್ಚಿ ಕೂತು, ಅಷ್ಟು ಹೊತ್ತಾಯಿತು ಎನಿಸಿದಾಗ ಕೈ ಎತ್ತಿ ಎನ್ನುತ್ತೇನೆ. ಬಹುತೇಕ ಮಕ್ಕಳು ಬೇಗ ಎತ್ತುತ್ತಾರೆ. ಗಡಿಯಾರ ನೋಡಿದಾಗ, ತಾವೆಣಿಸಿದ್ದಕ್ಕಿಂತ ಹೆಚ್ಚು ಸಮಯವಿದೆ ಎಂದು ತಿಳಿದು ಅವರ ಗಾಬರಿ ಇಳಿಯುತ್ತದೆ.

6. ಹೊಟ್ಟೆಯ ಕಡೆಗೂ ಗಮನವಿರಲಿ

ಪರೀಕ್ಷೆ 11:30ರಿಂದ 1:30ರವರೆಗೆ. ನಮ್ಮೂರಿನಿಂದ ತಾಲ್ಲೂಕು ಕೇಂದ್ರಕ್ಕೆ ಬೆಳಗಿನ ಬಸ್ಸಿಗೇ ಹೊರಡಬೇಕು. ಏಳಕ್ಕೆ ಟೀ ಕುಡಿದು ಬಂದ ಮಗುವಿಗೆ ಹನ್ನೆರಡೂವರೆಗೆ ಹಸಿವಿನ ಹೊರತು ಇನ್ನೇನೂ ತೋಚುವುದಿಲ್ಲ. ಚಿತ್ರಾನ್ನದ ಡಬ್ಬಿ ಕಟ್ಟಿಸಿ, ಹತ್ತೂವರೆಗೆ ಕೇಂದ್ರದ ಹೊರಗೆ ಕೂರಿಸಿ ತಿನ್ನಿಸುತ್ತೇನೆ.

7. ಮನೆಯವರನ್ನು ಕೂರಿಸಿ ಮಾತಾಡಿ

'ಸೀಟು ಸಿಗದಿದ್ದರೆ ಮನೆಗೆ ಬರಬೇಡ' ಎಂದು ತಮಾಷೆಗೆ ಅಂದ ಅಪ್ಪನ ಮಾತನ್ನು ಮಗ ನಿಜವೆಂದೇ ನಂಬಿದ್ದ. ಅಭ್ಯಾಸದ ಹಾಳೆ ಕೊಟ್ಟಾಗಲೂ ಅವನ ಕೈ ನಡುಗುತ್ತಿತ್ತು. ಅಂದಿನಿಂದ ಪೋಷಕರನ್ನು ಕರೆದು ಲೆಕ್ಕ ಮುಂದಿಡುತ್ತೇನೆ: ಜಿಲ್ಲೆಯ ಶಾಲೆಯಲ್ಲಿ ಸಾಮಾನ್ಯವಾಗಿ 80 ಸೀಟು, ಬರೆಯುವ ಮಕ್ಕಳು ಅದರ ಎಷ್ಟೋ ಪಟ್ಟು. 'ಸಿಕ್ಕರೆ ಹಾಸ್ಟೆಲ್‌ನಲ್ಲಿ ಇರ್ತೀಯಾ ಅಂತ ಮಗುವನ್ನು ಕೇಳಿದ್ದೀರಾ ಅಣ್ಣಾ?' ಎಂದೂ ಕೇಳುತ್ತೇನೆ. ಹೋಗಿ ಇರಬೇಕಾದದ್ದು ಆ ಮಗುವೇ ತಾನೆ.

8. ಪಟ್ಟಿ ಬಂದ ಮರುದಿನ ರಜೆ ಹಾಕಬೇಡಿ

ಆಯ್ಕೆಯಾದವರನ್ನು ಊರೇ ಹೊಗಳುತ್ತದೆ. ಹೆಸರು ಬಾರದವರಿಗೆ ಅಂದು ಬೇಕಾದದ್ದು ತಮ್ಮ ಟೀಚರ್. ವೃತ್ತಗಳು ಸರಿದುಹೋಗಿದ್ದ ಆ ಹುಡುಗಿ ಪಟ್ಟಿಯಲ್ಲಿ ಇರಲಿಲ್ಲ. ನಮ್ಮಲ್ಲೇ ಆರನೇ ತರಗತಿಗೆ ಬಂದಳು. ಹೊಸ ಐದನೇ ತರಗತಿಗೆ ಕಾಗದ ಮಡಚುವುದನ್ನು ಹೇಳಿಕೊಡುತ್ತೀಯಾ ಎಂದು ಕೇಳಿದೆ. ಹೇಳಿಕೊಟ್ಟಳು. ಕೊನೆಗೆ ನಾನು ಹೇಳದೆಯೇ ಒಂದು ಓಎಂಆರ್ ಹಾಳೆ ತೆಗೆದುಕೊಂಡು ಚಿಕ್ಕವರ ನಡುವೆ ಕೂತಳು. 'ಒಂದು ಬಿಟ್ರೆ, ಆ ಸಾಲಿನ ಮೇಲೆ ಬೆರಳಿಟ್ಟು ಹಾರಿಸ್ಬೇಕು, ನೋಡಿ ಹೀಗೆ' ಎಂದು ಒಬ್ಬೊಬ್ಬರ ಬೆರಳನ್ನೂ ಹಿಡಿದು ತೋರಿಸಿದಳು.