ಟ್ರೈಲರ್ ದಾಟುವ ಮುನ್ನ

ಗದಗ, ಚಿತ್ರದುರ್ಗದ ಕಡೆ ಗಾಳಿಯಂತ್ರ ನಿಲ್ಲಿಸುವಾಗ ಗೋಪುರದ ತುಂಡುಗಳೂ ಕ್ರೇನುಗಳೂ ಹೊಲದ ದಾರಿಯಲ್ಲೇ ಹೋಗಬೇಕು. ಆ ದಾರಿಯಡಿ ಊರಿನ ಕುಡಿಯುವ ನೀರಿನ ಪೈಪು, ರೈತರ ಬೋರ್‌ವೆಲ್ ಪೈಪು, ಕರೆಂಟಿನ ಕೇಬಲ್ಲು ಇರುತ್ತವೆ. ದಾರಿ ನೋಡಿ ಒಪ್ಪಿಗೆ ಕೊಡುವ ಕೆಲಸ ನನ್ನದು.

1. ಒಟ್ಟು ತೂಕ ಕೇಳಿ ಗಾಬರಿಯಾಗಬೇಡಿ, ಆಕ್ಸಲ್ ಲೆಕ್ಕ ಕೇಳಿ. ನೂರು ಟನ್ನು ಹತ್ತು ಆಕ್ಸಲ್‌ಗೆ ಸಮನಾಗಿ ಹಂಚಿದರೆ ಒಂದಕ್ಕೆ 10 ಟನ್. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 2018ರಿಂದ 11.5 ಟನ್ನಿಗೆ ಕಾನೂನಿನಲ್ಲೇ ಅವಕಾಶವಿದೆ. ಮಿತಿಮೀರಿ ಜಲ್ಲಿ ತುಂಬಿದ ಟಿಪ್ಪರ್ ಬಗ್ಗೆಯೇ ನನಗೆ ಹೆಚ್ಚು ಭಯ.

2. ಎಲ್ಲಕ್ಕಿಂತ ಮುಖ್ಯ, ಪೈಪಿನ ಮೇಲೆ ಇವತ್ತು ಎಷ್ಟು ಮಣ್ಣಿದೆ ಎಂಬುದು. 5 ಟನ್ನಿನ ಚಕ್ರವನ್ನು ಒಂದು ಬಿಂದುವೆಂದು ಹಿಡಿದು ಮಣ್ಣಿನೊಳಗಿನ ಒತ್ತಡ ಲೆಕ್ಕಹಾಕುವ ಬೂಸಿನೆಸ್ಕ್ ಸೂತ್ರ ಹಾಕಿದರೆ, 60 ಸೆಂ.ಮೀ. ಆಳದಲ್ಲಿ ಚದರ ಮೀಟರಿಗೆ ಸುಮಾರು 6.6 ಟನ್ ಒತ್ತಡ ಬರುತ್ತದೆ. 1.2 ಮೀಟರಿನಲ್ಲಿ ಅದು 1.7 ಟನ್ನಿಗೆ ಇಳಿಯುತ್ತದೆ. ಆಳ ಇಮ್ಮಡಿಯಾದರೆ ಒತ್ತಡ ಕಾಲು ಭಾಗ. 3 ಮೀಟರಿನಲ್ಲಂತೂ ಚಕ್ರಕ್ಕಿಂತ ಮಣ್ಣಿನ ಭಾರವೇ ಬಹಳ ಹೆಚ್ಚು. ಹಾಗಾಗಿ ದಾರಿ ಸಮ ಮಾಡುವ ಗ್ರೇಡರ್ ಮೇಲೆ ಕಣ್ಣಿಡಿ. ಮೂರಡಿ ಮಣ್ಣನ್ನು ಅದು ಕೆರೆದು ಎರಡಡಿಗೆ ತಂದರೆ ಒತ್ತಡ ಎರಡು ಪಟ್ಟು ಮೀರುತ್ತದೆ. ನಕ್ಷೆಯಲ್ಲಿ ಮಾತ್ರ ಮೂರಡಿಯೇ ಇರುತ್ತದೆ.

3. ಹೊಲದವರನ್ನು ಕೇಳಿ. "ಇಲ್ಲೇ ಬದುವಿನ ಗುಂಟ ಐತ್ರಿ ಸಾಹೇಬ್ರ, ಒಂದ್ ಮೊಳದಾಗ" ಎಂದು ಅವರು ತೋರಿಸುವ ಪೈಪು ಯಾವ ಕಚೇರಿಯ ನಕ್ಷೆಯಲ್ಲೂ ಇರುವುದಿಲ್ಲ. ಆಮೇಲೆ ಕೈಯಿಂದಲೇ ಗುಂಡಿ ತೋಡಿಸಿ, ಜೆಸಿಬಿ ಬೇಡ. ಸಾಲಾಗಿ ಇಟ್ಟಿಗೆ ಕಂಡರೆ ಹಾರೆ ನಿಲ್ಲಿಸಿ, ಕೆಳಗೆ ಕೇಬಲ್ ಇರಬಹುದು.

4. ಕಾಂಕ್ರೀಟಿನ ಹ್ಯೂಮ್ ಪೈಪು ಭಾರ ಮೀರಿದರೆ ಬಿರುಕು ಬಿಡುತ್ತದೆ. ಪಿವಿಸಿ, ಎಚ್‌ಡಿಪಿಇ ಪೈಪು ಚಪ್ಪಟೆಯಾಗುತ್ತದೆ, ಅದನ್ನು ಕಾಯುವುದು ಎರಡೂ ಮಗ್ಗುಲಿನಲ್ಲಿ ಗಟ್ಟಿಯಾಗಿ ತುಂಬಿದ ಮಣ್ಣು. ಗುಂಡಿ ತೆಗೆದಾಗ ಪೈಪಿನ ಪಕ್ಕದ ಮಣ್ಣನ್ನೂ ಒತ್ತಿ ನೋಡಿ.

5. ಎರೆ ಮಣ್ಣಿನಲ್ಲಿ ಮಳೆ ಬಿದ್ದರೆ ಕಾಯಿರಿ. ಚಕ್ರ ಒಂದಡಿ ಹೂತರೆ ಪೈಪಿನ ಮೇಲಿದ್ದ ಮಣ್ಣು ಅಷ್ಟು ಕಡಿಮೆಯಾದಂತೆಯೇ. ಕಂಪನಿಯವರು ದಿನದ ಬಾಡಿಗೆ ಲೆಕ್ಕ ಹೇಳುತ್ತಾರೆ. ಊರಿಗೆ ನೀರು ನಿಂತರೆ ಕೊಡ ಹೊತ್ತು ಅಲೆಯುವವರು ಆ ಲೆಕ್ಕದಲ್ಲಿ ಇರುವುದಿಲ್ಲ.

6. ದಾಟುವ ಕ್ರೇನ್ ಬೇರೆ, ಎತ್ತುವ ಕ್ರೇನ್ ಬೇರೆ. ಎತ್ತುವಾಗ ಭಾರವೆಲ್ಲ ಒಂದೇ ಔಟ್‌ರಿಗರ್ ಕಾಲಿನ ಕಡೆ ವಾಲಬಹುದು. ಆ ಕಾಲು ಪೈಪಿನ ಮೇಲೂ ಬೇಡ, ಪಕ್ಕದಲ್ಲೂ ಬೇಡ.

7. ಗ್ಯಾಸ್ ಪೈಪ್‌ಲೈನಿನ ಗುರುತಿನ ಕಂಬ ಕಂಡರೆ ನಮ್ಮ ಲೆಕ್ಕ ಅಲ್ಲಿಗೆ ಮುಗಿಯಿತು. ಪೈಪ್‌ಲೈನಿನವರ ಲಿಖಿತ ಒಪ್ಪಿಗೆ ಬೇಕೇ ಬೇಕು, ಅವರ ಮನುಷ್ಯ ಸ್ಥಳದಲ್ಲಿರಬೇಕು.

8. ಮೊದಲು ಮಣ್ಣು ಏರಿಸಿ, ಅದರ ಮೇಲೆ ಸ್ಟೀಲ್ ಪ್ಲೇಟ್ ಹಾಸಿ. ಅಡ್ಡಲಾಗಿ, ನಿಧಾನವಾಗಿ, ಪೈಪಿನ ಮೇಲೆ ಬ್ರೇಕ್ ಒತ್ತದೆ ದಾಟಿಸಿ. ಜಾಯಿಂಟಿನ ಸೋರಿಕೆ ಕೂಡಲೇ ಕಾಣದು. ವಾಟರ್‌ಮನ್ ಪೂರ್ತಿ ನೀರು ಬಿಟ್ಟು ನೋಡುವ ತನಕ ದಾರಿಯ ಪಕ್ಕ ತೋಡಿದ ಗುಂಡಿ ಮುಚ್ಚಬೇಡಿ, ಸುತ್ತ ಹಗ್ಗ ಕಟ್ಟಿಡಿ.