ಜಾರ್ಜಿಯನ್ ಸಾಲುಮನೆಯ ಕಿಟಕಿಗಳು

ಪಕ್ಕದಲ್ಲಿ ಅಂಟಿಸಿರುವ ಚಿತ್ರ ನಾನೇ ಬರೆದದ್ದು. ಅದು ಲಂಡನ್ನಿನ ಹಳೆಯ ಸಾಲುಮನೆಯೊಂದರ ಮುಂಭಾಗ. 1714ರಿಂದ 1830ರವರೆಗೆ ಬ್ರಿಟನ್ನನ್ನು ಒಬ್ಬರಾದ ಮೇಲೊಬ್ಬರಂತೆ ಜಾರ್ಜ್ ಎಂಬ ಹೆಸರಿನ ನಾಲ್ವರು ರಾಜರು ಆಳಿದರು. ಅದಕ್ಕೇ ಆ ಕಾಲದ ಮನೆಗಳಿಗೆ ಜಾರ್ಜಿಯನ್ ಮನೆ ಅಂತ ಹೆಸರು. ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಹೀಗೆ ಇಡೀ ಬೀದಿ ಸಾಲಾಗಿ ನಿಂತಿರುತ್ತದೆ.

ಗೆಳೆಯರೇ, ಚಿತ್ರದ ಕಿಟಕಿಗಳನ್ನು ಸ್ಕೇಲು ಹಿಡಿದು ಅಳೆಯಿರಿ. ನೆಲದ ಅಂತಸ್ತಿನ ಕಿಟಕಿ ಸಾಧಾರಣ ಎತ್ತರ. ಅದರ ಮೇಲಿನದು ಎಲ್ಲಕ್ಕಿಂತ ಎತ್ತರ. ಅದಕ್ಕೂ ಮೇಲಿನದು ಗಿಡ್ಡ. ತುದಿಯದಂತೂ ಹೆಚ್ಚುಕಡಿಮೆ ಚೌಕ. ಇದು ಬರೀ ಅಂದಕ್ಕಲ್ಲ. ಎತ್ತರದ ಕಿಟಕಿಯ ಹಿಂದೆ ಅತಿಥಿಗಳನ್ನು ಕೂರಿಸುವ ಹಜಾರ. ಅದರ ಮೇಲೆ ಯಜಮಾನರು ಮಲಗುವ ಕೋಣೆ. ಆಮೇಲೆ ಮಕ್ಕಳು. ಅಟ್ಟದಲ್ಲಿ ಆಳುಗಳು. ಅಂದರೆ ರಸ್ತೆಯಲ್ಲಿ ನಿಂತೇ ಯಾರಿಗೆ ಎಷ್ಟು ಬೆಳಕು ಸಿಗುತ್ತಿತ್ತು ಅಂತ ಹೇಳಬಹುದು!

ಅಡುಗೆಮನೆ ಇದ್ದದ್ದು ನೆಲಮಾಳಿಗೆಯಲ್ಲಿ. ಅದಕ್ಕೆ ಬೆಳಕು ಬರಲೆಂದು ಮನೆಯ ಮುಂದೆ ಒಂದು ತಗ್ಗು ಬಿಟ್ಟು, ಅದರ ಅಂಚಿಗೆ ಕಬ್ಬಿಣದ ಸರಳು ಹಾಕುತ್ತಿದ್ದರು. ಕಲ್ಲಿದ್ದಲಿನ ಉಗ್ರಾಣ ರಸ್ತೆಯ ಅಡಿಯಲ್ಲಿ. ಕಾಲುದಾರಿಯಲ್ಲಿದ್ದ ಗುಂಡನೆಯ ಮುಚ್ಚಳ ತೆಗೆದು ಕಲ್ಲಿದ್ದಲು ಸುರಿದರೆ ಮನೆಯೊಳಗೆ ಮಸಿ ಬರುತ್ತಿರಲಿಲ್ಲ. ಆದರೆ ಅದನ್ನು ಪ್ರತಿ ಕೋಣೆಯ ಒಲೆಗೂ ಹೊತ್ತು ಹತ್ತುತ್ತಿದ್ದದ್ದು ಆಳುಗಳೇ. ದೊಡ್ಡ ಮನೆಗಳಲ್ಲಿ ಅವರು ಕಣ್ಣಿಗೆ ಬೀಳದ ಹಾಗೆ ಹಿಂದೆ ಬೇರೆ ಮೆಟ್ಟಿಲನ್ನೇ ಕಟ್ಟುತ್ತಿದ್ದರು. ಮುಂಬಾಗಿಲ ಮೇಲಿನ ಬೀಸಣಿಗೆ ಆಕಾರದ ಗಾಜನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಈ ಮೆಟ್ಟಿಲೇ ಮುಖ್ಯ ಅನ್ನಿಸುತ್ತದೆ.

ಇನ್ನು ಗೋಡೆ ಅಷ್ಟು ಬೋಳಾಗಿರುವುದೇಕೆ? ಬೆಂಕಿಯ ಭಯ. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಇಟ್ಟಿಗೆ ಇಲ್ಲವೇ ಕಲ್ಲಿನಲ್ಲೇ ಮನೆ ಕಟ್ಟಬೇಕೆಂಬ ಕಾನೂನು ಬಂತು. 1707ರ ಕಾನೂನು ಮರದ ಸೂರಂಚನ್ನು ನಿಲ್ಲಿಸಿತು. ಆಗ ಗೋಡೆಯನ್ನೇ ಮೇಲಕ್ಕೆ ಎಬ್ಬಿಸಿದರು, ಮಾಡು ಅದರ ಹಿಂದೆ ಮರೆಯಾಯಿತು. 1709ರಲ್ಲಿ ಕಿಟಕಿಯ ಚೌಕಟ್ಟು ಗೋಡೆಯ ಮೈಯಿಂದ 4 ಅಂಗುಲ ಒಳಗಿರಬೇಕು ಅಂದರು. 1774ರಲ್ಲಿ ಚೌಕಟ್ಟು ಇಟ್ಟಿಗೆಯ ಹಿಂದೆಯೇ ಅಡಗಿತು. ಅದೇ ಕಾನೂನು ಮನೆಗಳನ್ನು ನಾಲ್ಕು ದರ್ಜೆ ಮಾಡಿ, ದರ್ಜೆಗೆ ತಕ್ಕಂತೆ ಗೋಡೆಯ ದಪ್ಪವನ್ನೂ ಗೊತ್ತುಮಾಡಿತು.

ಆ ಕಿಟಕಿ ತೆರೆಯುವ ರೀತಿ ಜಾಣತನದ್ದು. ಬಾಗಿಲಿನ ಹಾಗೆ ಹೊರಕ್ಕೆ ತೆರೆಯದೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಹಗ್ಗದ ಒಂದು ತುದಿ ಕಿಟಕಿಗೆ, ಅದು ರಾಟೆಯ ಮೇಲೆ ಹಾದು ಇನ್ನೊಂದು ತುದಿ ತೂಕದ ಗುಂಡಿಗೆ. ಗುಂಡು ಪಕ್ಕದ ಮರದ ಪೆಟ್ಟಿಗೆಯಲ್ಲಿ ಅಡಗಿರುತ್ತದೆ. ಎರಡು ಕಡೆಯ ಭಾರ ಸಮ, ಹಾಗಾಗಿ ಎತ್ತಿದಲ್ಲೇ ನಿಲ್ಲುತ್ತದೆ.

1696ರಿಂದ 1851ರವರೆಗೆ ಅಲ್ಲಿ ಕಿಟಕಿಗೂ ತೆರಿಗೆ ಇತ್ತು! ಕೆಲವರು ಕಿಟಕಿಗೆ ಇಟ್ಟಿಗೆ ತುಂಬಿದರು. ಹಾಗಂತ ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ತೆರಿಗೆ ಅನ್ನಬಾರದು. ಸಾಲು ಸಮವಾಗಿ ಕಾಣಲಿ ಅಂತ ಕಟ್ಟುವಾಗಲೇ ಕುರುಡು ಕಿಟಕಿ ಇಟ್ಟದ್ದೂ ಉಂಟು.

ಹೊರನೋಟಕ್ಕೆ ಎಷ್ಟು ಬೆಲೆ ಇತ್ತೆಂದು ತಿಳಿಯಲು ಬಾತ್ ಪಟ್ಟಣದ ರಾಯಲ್ ಕ್ರೆಸೆಂಟ್ ಸಾಕು. ಕಿರಿಯ ಜಾನ್ ವುಡ್ ಎಂಬ ವಾಸ್ತುಶಿಲ್ಪಿ 1767ರಲ್ಲಿ ಶುರುಮಾಡಿದ 30 ಮನೆಗಳ ಸಾಲು ಅದು. ಮುಂದಿನಿಂದ ಬಾಗಿದ ಒಂದೇ ಅರಮನೆಯಂತೆ ಕಾಣುತ್ತದೆ. ಹಿಂದಕ್ಕೆ ಹೋದರೆ ಒಂದು ಮನೆಯಂತೆ ಇನ್ನೊಂದಿಲ್ಲ. ಕೊಂಡವರು ಮುಂಗೋಡೆಯ ಹಿಂದೆ ತಮಗೆ ಬೇಕಾದಂತೆ ಕಟ್ಟಿಕೊಂಡಿದ್ದರು. ಅದರಲ್ಲಿ 1ನೇ ನಂಬರಿನ ಮನೆ ಈಗ ಮ್ಯೂಸಿಯಂ. ಅಲ್ಲಿ ಅತಿಥಿಗಳ ಹಜಾರದ ಜೊತೆಗೆ ಆಳುಗಳು ದುಡಿದ ಅಡುಗೆಮನೆಯನ್ನೂ ತೋರಿಸುತ್ತಾರೆ.