ಎಲ್ಲ ಯಂತ್ರಗಳಿಗೂ ಒಪ್ಪುವ ಅನನ್ಯ ಗುರುತುಸಂಖ್ಯೆ

ಆಲಂಕಾರು ಗ್ರಾಮದ ಒಂದು ಜಮೀನನ್ನು ಗುರುತಿಸಲು ಸರ್ವೆ ನಂಬರೊಂದೇ ಸಾಲದು. ಅದೇ ನಂಬರು ನೆರೆಯ ಗ್ರಾಮದಲ್ಲಿಯೂ ಇರಬಹುದು. ಆದುದರಿಂದ ಗ್ರಾಮ, ತಾಲೂಕು, ಜಿಲ್ಲೆಗಳ ಹೆಸರನ್ನೂ ಕೂಡಿಸಿ ಬರೆಯುತ್ತೇವೆ. ಆದರೆ ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಆಲಂಕಾರು ಈಗ ಕಡಬ ತಾಲೂಕಿನಲ್ಲಿದೆ. ಭೂಮಿ ಇದ್ದಲ್ಲಿಯೇ ಇದೆ. ವಿಳಾಸ ಮಾತ್ರ ಬದಲಾಯಿತು. ಹಳೆಯ ಪತ್ರವೂ ಹೊಸ ಪತ್ರವೂ ಒಂದೇ ಜಮೀನಿನವೆಂದು ತಿಳಿಯದೆ ಹೋದರೆ ರೈತನಿಗೆ ಒದಗುವ ತೊಂದರೆ ಸಣ್ಣದಲ್ಲ. ಬದಲಾಗುವ ಸಂಗತಿಗಳನ್ನು ಗುರುತು ಅವಲಂಬಿಸಬಾರದೆಂಬುದು ಇಲ್ಲಿಯ ಮೊದಲ ಪಾಠ.

ಗಣಕಯಂತ್ರಗಳಿಗೂ ಇದೇ ಸಮಸ್ಯೆಯುಂಟು. ಎರಡು ಶಾಲೆಗಳು ತಮ್ಮ ವಿದ್ಯಾರ್ಥಿಗಳಿಗೆ 1ರಿಂದ ಸಂಖ್ಯೆ ಕೊಟ್ಟಿವೆಯೆನ್ನೋಣ. ಎರಡೂ ದಾಖಲೆಗಳನ್ನು ಒಂದುಗೂಡಿಸಿದರೆ ಒಬ್ಬನ ಅಂಕಗಳು ಇನ್ನೊಬ್ಬನ ಹೆಸರಿಗೆ ಸೇರಿಬಿಡಬಹುದು. 12 ಅಂಕಿಗಳ ಆಧಾರ್ ಸಂಖ್ಯೆಯಂತೆ ಒಂದೇ ಕೇಂದ್ರದಿಂದ ಸಂಖ್ಯೆ ಪಡೆಯುವುದು ಒಂದು ಪರಿಹಾರ. ಆದರೆ ಮಳೆಗಾಲದಲ್ಲಿ ಸಂಪರ್ಕ ಕಡಿದುಹೋದರೆ ಕೆಲಸವೇ ನಿಲ್ಲುತ್ತದೆ.

ಕೇಂದ್ರವನ್ನು ಕೇಳದೆಯೇ ಪ್ರತಿಯೊಂದು ಯಂತ್ರವೂ ಸ್ವತಃ ಸಂಖ್ಯೆ ಸೃಷ್ಟಿಸುವ ವಿಧಾನಕ್ಕೆ ಯುಯುಐಡಿ ಎಂದು ಹೆಸರು. ಇದು 128 ಬಿಟ್‌ಗಳ ಸಂಖ್ಯೆ. 2005ರಲ್ಲಿ ಪ್ರಕಟವಾದ ಇದರ ಅಂತರಜಾಲ ನಿಯಮಾವಳಿ 2024ರಲ್ಲಿ ಪರಿಷ್ಕೃತವಾಯಿತು. ಇದರ ಮೊದಲನೆಯ ಪ್ರಕಾರದಲ್ಲಿ ಕಾಲವನ್ನೂ ಯಂತ್ರದ ಜಾಲಸಂಖ್ಯೆಯನ್ನೂ ಕೂಡಿಸುತ್ತಾರೆ. ಅದರಿಂದ ಯಂತ್ರದ ಗುಟ್ಟು ಹೊರಬೀಳುತ್ತದೆ. ನಾಲ್ಕನೆಯ ಪ್ರಕಾರದಲ್ಲಿ 122 ಬಿಟ್‌ಗಳು ಯಾದೃಚ್ಛಿಕ. ಸೆಕೆಂಡಿಗೆ ನೂರು ಕೋಟಿಯಂತೆ ಸುಮಾರು 86 ವರ್ಷ ಸೃಷ್ಟಿಸಿದರೆ ಮಾತ್ರ ಎಲ್ಲಿಯಾದರೂ ಎರಡು ಒಂದೇ ಆಗುವ ಸಂಭವ ಅರ್ಧಕ್ಕೇರುತ್ತದೆ. ಏಳನೆಯ ಪ್ರಕಾರದಲ್ಲಿ ಮೊದಲ 48 ಬಿಟ್‌ಗಳು ಕಾಲವನ್ನು ಸೂಚಿಸುವುದರಿಂದ ದಾಖಲೆಗಳು ಕಾಲಕ್ರಮದಲ್ಲಿ ನಿಲ್ಲುತ್ತವೆ.

ಈ ಲೆಕ್ಕ ನಿಜವಾಗಬೇಕಾದರೆ ಯಾದೃಚ್ಛಿಕತೆಯ ಮೂಲ ಉತ್ತಮವಾಗಿರಬೇಕು. ಗಡಿಯಾರವನ್ನೇ ಬೀಜವಾಗಿಟ್ಟುಕೊಂಡರೆ, ಒಂದೇ ಕ್ಷಣದಲ್ಲಿ ಆರಂಭವಾದ ಎರಡು ಯಂತ್ರಗಳು ಒಂದೇ ಸಂಖ್ಯೆಯನ್ನು ಕೊಟ್ಟಾವು. ವಿಂಡೋಸ್, ಲಿನಕ್ಸ್, ಮ್ಯಾಕ್ ಈ ಮೂರು ವ್ಯವಸ್ಥೆಗಳಲ್ಲಿಯೂ ಉತ್ತಮ ಮೂಲವಿದೆ. ಆದರೆ ಅದನ್ನು ಕರೆಯುವ ರೀತಿ ಬೇರೆ ಬೇರೆ. ಆದುದರಿಂದ ಪೈಥಾನಿನಂತಹ ಭಾಷೆಯ ಸಿದ್ಧ ಗ್ರಂಥಾಲಯದ ಮೂಲಕ ಕೇಳುವುದು ಲೇಸು. ಆಗ ಅದೇ ಕ್ರಮವಿಧಿ ಮೂರರಲ್ಲಿಯೂ ನಡೆಯುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ವಿಂಡೋಸ್ ಪರಂಪರೆಯ ಕ್ರಮವಿಧಿಗಳು ಈ ಸಂಖ್ಯೆಯ ಮೊದಲ ಮೂರು ಭಾಗಗಳ ಬೈಟ್‌ಗಳನ್ನು ಹಿಂದುಮುಂದಾಗಿ ಇರಿಸುವುದುಂಟು. ಹಾಗೆಯೇ ಸಾಗಿಸಿದರೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. 32 ಅಂಕಿಗಳೂ 4 ಅಡ್ಡಗೆರೆಗಳೂ ಸೇರಿದ 36 ಚಿಹ್ನೆಗಳ ಲಿಖಿತ ರೂಪದಲ್ಲಿ ಕಳುಹಿಸಿದರೆ ಈ ಗೊಂದಲವಿಲ್ಲ.

ಸಂಖ್ಯೆ ಯಂತ್ರದ್ದಾದರೂ ಅದರ ಹಿಂದಿರುವವನು ಮನುಷ್ಯ. ಒಬ್ಬನ ಅಂಕ, ಒಬ್ಬನ ಜಮೀನು ಮತ್ತೊಬ್ಬನದಾಗದಂತೆ ಕಾಯುವುದೇ ಈ ವಿದ್ಯೆಯ ಪ್ರಯೋಜನವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.